ನದೀದಂಡೆಯ ಕೊರೆತ ಮತ್ತು ಅದರ ಅಪಾಯನಿರ್ಣಯ: ಅರ್ಕಾವತೀ ಕಣಿವೆ, ಮಾದನಾಯಕನಹಳ್ಳಿಯ ಪರಿಸರ

ನದೀದಂಡೆಯ ಕೊರೆತವೆಂದರೆ, ಹರಿಯುವ ನೀರಿನ ಉಜ್ಜುವಿಕೆಯಿಂದಲೋ, ನೀರು ಹೀರಿ ಭಾರವಾದ ಮಣ್ಣು ತನ್ನ ತೂಕವನ್ನು ತಾನೇ ತಾಳಲಾರದೆ ಜರಿಯುವುದರಿಂದಲೋ, ದಂಡೆಯ ಒಡಲಿನಿಂದ ಒಸರುವ ನೀರು ಸೂಕ್ಷ್ಮಕಣಗಳನ್ನು ಹೊತ್ತು ಹೊರಹಾಕುವುದರಿಂದಲೋ, ನದೀಪಾತ್ರದ ಅಂಚು ಹಿಂದೆ ಹಿಂದೆ ಸರಿಯುವ ಕ್ರಿಯೆ. ಇದರ ಜ್ಞಾತಿಯಾದ ಇನ್ನೊಂದು ಕ್ರಿಯೆಯನ್ನು ಕರಾವಳಿಯವರು ಕಡಲ್ಕೊರೆತವೆಂದು ಕರೆಯುವರು. ಒಳನಾಡಿನ ರೈತನಾದರೋ 'ಹೊಳೆ ಜಮೀನನ್ನು ತಿಂದಿತು' ಎನ್ನುವನು. ನೆರೆಗೂ ಕೊರೆತಕ್ಕೂ ಇರುವ ಭೇದವೆಲ್ಲವೂ ಆ 'ತಿಂದಿತು' ಎಂಬ ಒಂದು ಕ್ರಿಯಾಪದದಲ್ಲಿದೆ. ನೆರೆ ಮುಳುಗಿಸಿದ ಹೊಲವು ನೀರಿಳಿದ ಮೇಲೆ ಮತ್ತೆ ಹೊಲವೇ ಆಗಿರುತ್ತದೆ, ಒಮ್ಮೊಮ್ಮೆ ಮೆಕ್ಕಲು ಬಂದು ಮೊದಲಿಗಿಂತ ಫಲವತ್ತಾಗಿಯೂ ಇರುತ್ತದೆ. ಕೊರೆತ ಕೊಂಡೊಯ್ದ ಹೊಲಕ್ಕೆ ಪಹಣಿಯಲ್ಲಿ ಹೆಸರು ಉಳಿಯುವುದೇ ಹೊರತು ನೆಲದ ಮೇಲೆ ಎಡೆಯಿಲ್ಲ.

ಅಪಾಯನಿರ್ಣಯವೆಂಬುದು ಇದರಿಂದ ಬೇರೆಯಾದ, ಇದಕ್ಕಿಂತ ವಿಸ್ತಾರವಾದ ವಿಚಾರ. ದಂಡೆ ಎಷ್ಟು ಸುಲಭವಾಗಿ ಕೊರೆಯುತ್ತದೆ ಎಂಬ ಪ್ರಶ್ನೆಗೆ ಮಣ್ಣು, ನೀರು, ಬೇರುಗಳು ಉತ್ತರ ಹೇಳುವುವು. ಕೊರೆದರೆ ನಷ್ಟವೇನು ಎಂಬುದಕ್ಕೆ ಉತ್ತರ ಹೇಳತಕ್ಕದ್ದು ದಂಡೆಯ ಮೇಲೆ ನಿಂತಿರುವ ವಸ್ತುಗಳು: ಮನೆ, ಕೊಳವೆಬಾವಿ, ವಿದ್ಯುತ್ ಕಂಬ, ಸೇತುವೆಯ ತುದಿಗೋಡೆ, ಕೂಲಿಕಾರರ ತಗಡಿನ ಶೆಡ್ಡು. ನಿರ್ಜನವಾದ ಕಾಡಿನಲ್ಲಿ ವರ್ಷಕ್ಕೆ ಒಂದು ಮೀಟರು ಹಿಂದೆಗೆಯುವ ದಂಡೆಯ ಕೊರೆತ ಭಾರಿಯಾದರೂ ಅಲ್ಲಿ ಅಪಾಯ ಅಲ್ಪ. ಊರ ನಡುವೆ ಹತ್ತು ವರ್ಷಕ್ಕೆ ಒಂದು ಮೀಟರು ಹಿಂದೆಗೆಯುವ ದಂಡೆಯ ಮೇಲೆ ಮೂರಂತಸ್ತಿನ ಮನೆಯಿದ್ದರೆ ಅಲ್ಲಿ ಅಪಾಯ ಬಹಳ. ಕೊರೆತ, ಅಪಾಯ ಈ ಎರಡನ್ನು ಬೆರೆಸಿ ಒಂದೇ ಮಾತಿನಲ್ಲಿ ಹೇಳಿಬಿಡುವ ಅಭ್ಯಾಸ ನಮ್ಮ ವರದಿಗಳಲ್ಲಿ ಬಹುವಾಗಿ ಕಾಣುತ್ತದೆ, ಅದು ಸಲ್ಲದು.

ಈ ವಿಷಯವನ್ನು ಬ್ರಹ್ಮಪುತ್ರದಂಥ ಮಹಾನದಿಯ ಮೂಲಕ ವಿವರಿಸುವುದು ವಾಡಿಕೆ. ಅಸ್ಸಾಮಿನ ಮಾಜುಲಿ ದ್ವೀಪವು ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ತನ್ನ ವಿಸ್ತೀರ್ಣದ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡಿರುವುದು ಲೋಕವಿದಿತವೇ ಆಗಿದೆ. ಆದರೆ ಕನ್ನಡ ನಾಡಿನ ಓದುಗನಿಗೆ ಮನೆಯ ಬಾಗಿಲಿನ ನಿದರ್ಶನ ಬೇರೊಂದಿದೆ. ಬೆಂಗಳೂರಿನಿಂದ ತುಮಕೂರಿನ ಕಡೆಗೆ ಹೊರಟ ಹೆದ್ದಾರಿಯು ಪೀಣ್ಯದ ಕಾರ್ಖಾನೆಗಳನ್ನು ದಾಟಿ, ಮಾದಾವರದ ಪ್ರದರ್ಶನ ಕೇಂದ್ರವನ್ನು ಹಾದು, ಮಾದನಾಯಕನಹಳ್ಳಿಯ ಆಸುಪಾಸಿನಲ್ಲಿ ಅರ್ಕಾವತಿಯ ಕಣಿವೆಯನ್ನು ಅಡ್ಡಹಾಯುತ್ತದೆ. ನೆಲಮಂಗಲಕ್ಕೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಕುಳಿತವರಲ್ಲಿ ಎಷ್ಟು ಮಂದಿಗೆ ತಾವು ಒಂದು ನದಿಯನ್ನು ದಾಟಿದೆವೆಂಬ ಅರಿವಾಗುವುದೋ ಹೇಳಲಾರೆನು; ಅಲ್ಲಿ ಕಾಣುವುದು ಬಹುಮಟ್ಟಿಗೆ ಜೊಂಡು, ಪೊದೆ, ತಗ್ಗಿನಲ್ಲಿ ನಿಂತ ಕಪ್ಪು ನೀರು, ಅಷ್ಟೇ. ನದಿಯೆಂದು ಗುರುತಿಸಲಾಗದ ನದಿಯ ದಂಡೆಯೇ ಅಪಾಯನಿರ್ಣಯಕ್ಕೆ ಎಲ್ಲಕ್ಕಿಂತ ಕಠಿನವಾದುದೆಂಬುದನ್ನು ಈ ಲೇಖನದಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಅರ್ಕಾವತಿಯು ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕೆರೆಗಳ ಸಾಲನ್ನು ತುಂಬುತ್ತ ಹೆಸರಘಟ್ಟಕ್ಕೆ ಬಂದು, ಅಲ್ಲಿಂದ ದಕ್ಷಿಣಾಭಿಮುಖವಾಗಿ ಹರಿದು, ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯನ್ನು ತಿಪ್ಪಗೊಂಡನಹಳ್ಳಿಯ ಬಳಿ ಕೂಡಿಕೊಂಡು, ಮಂಚನಬೆಲೆ, ರಾಮನಗರ, ಕನಕಪುರಗಳನ್ನು ಹಾದು, ಮೇಕೆದಾಟುವಿಗೆ ಸಮೀಪದ ಸಂಗಮದಲ್ಲಿ ಕಾವೇರಿಯನ್ನು ಸೇರುವ ನದಿ. ಹೆಸರಘಟ್ಟದ ಜಲಾಶಯವು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಬೆಂಗಳೂರಿಗೆ ಕೊಳಾಯಿ ನೀರು ಕೊಡುವ ಸಲುವಾಗಿ ಆದುದು. ಚಾಮರಾಜಸಾಗರವೆಂಬ ತಿಪ್ಪಗೊಂಡನಹಳ್ಳಿಯ ಜಲಾಶಯವು 1933ರಲ್ಲಿ ಅದೇ ಉದ್ದೇಶದಿಂದ ಆದುದು. ಮಾದನಾಯಕನಹಳ್ಳಿಯ ಕಣಿವೆ ಈ ಎರಡು ಜಲಾಶಯಗಳ ನಡುವೆ ಬಿದ್ದಿದೆ: ಮೇಲೆ ಒಂದು ಕಟ್ಟೆ, ಕೆಳಗೆ ಒಂದು ಕಟ್ಟೆ. ದಂಡೆಯ ವಿಚಾರದಲ್ಲಿ ಈ ಸ್ಥಿತಿಗೆ ಬಹಳ ಅರ್ಥವಿದೆ. ಆ ಪ್ರಸಂಗವನ್ನು ಮುಂದೆ ಎತ್ತಿಕೊಳ್ಳುವೆನು.

ತಿಪ್ಪಗೊಂಡನಹಳ್ಳಿಯ ಮೇಲಣ ಜಲಾನಯನ ಪ್ರದೇಶವು ಸುಮಾರು 1,450 ಚದರ ಕಿಲೋಮೀಟರು. ಅಲ್ಲಿಗೆ 1975ಕ್ಕೆ ಹಿಂದೆ ದಿನಕ್ಕೆ ಸರಾಸರಿ 38 ಕೋಟಿ ಲೀಟರಿಗೂ ಮಿಗಿಲಾಗಿ ಬರುತ್ತಿದ್ದ ನೀರು, 2000ದಿಂದ ಈಚೆಗೆ ಆರೂವರೆ ಕೋಟಿ ಲೀಟರಿಗೆ ಇಳಿಯಿತೆಂದು ಬೆಂಗಳೂರಿನ ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮೊದಲಾದವರು 2015ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿತು. ಮಳೆ ಕಡಿಮೆಯಾದುದು ಇದಕ್ಕೆ ಕಾರಣವಲ್ಲ, ಅಂತರ್ಜಲದ ಮಿತಿಮೀರಿದ ಬಳಕೆ, ನೀಲಗಿರಿ ತೋಪುಗಳ ವಿಸ್ತರಣ, ಹಳ್ಳಗಳಿಗೆ ಕಟ್ಟಿದ ಸಣ್ಣ ಒಡ್ಡುಗಳು ಇವುಗಳ ಕಡೆಗೆ ಬೆರಳು ತೋರಬೇಕೆಂಬುದು ಅವರ ನಿರ್ಣಯದ ಸಾರ. ಇದನ್ನು ಓದಿದವನಿಗೆ, ನೀರೇ ಇಲ್ಲದ ಹೊಳೆಯ ದಂಡೆ ಕೊರೆಯುವುದಾದರೂ ಹೇಗೆಂಬ ಸಂಶಯ ಬರುವುದು ಸಹಜ. ನಿವೇಶನ ಮಾರುವವನು ಕೊಳ್ಳುವವನಿಗೆ ಹೇಳುವ ಸಮಾಧಾನವೂ ಇದೇ: 'ಹೊಳೆ ಬತ್ತಿ ಎಷ್ಟೋ ವರ್ಷವಾಯಿತು, ಭಯವೇನು?' ಎಂದು.

ಭಯವಿದೆ. ವಾರ್ಷಿಕ ಸರಾಸರಿ ನೀರು ಬೇರೆ, ಒಂದು ರಾತ್ರಿಯ ಮಳೆಯಲ್ಲಿ ಬರುವ ನೀರು ಬೇರೆ. ದಂಡೆಯನ್ನು ಕೊರೆಯುವುದು ವರ್ಷದ ಮುನ್ನೂರು ದಿನ ಸದ್ದಿಲ್ಲದೆ ಹರಿಯುವ ನೀರಲ್ಲ. ಎರಡು ಮೂರು ರಾತ್ರಿ ದಂಡೆ ತುಂಬಿ ಹರಿಯುವ ನೀರು. ಮೊದಲನೆಯದು ಕುಗ್ಗುತ್ತಿರುವಾಗಲೇ ಎರಡನೆಯದು ಹೆಚ್ಚುತ್ತಿರಬಹುದು. ನೂರು ಹೆಕ್ಟೇರು ರಾಗಿಯ ಹೊಲದ ಮೇಲೆ ಗಂಟೆಗೆ 50 ಮಿಲಿಮೀಟರಿನಂತೆ ಮಳೆ ಸುರಿದು, ಅದರಲ್ಲಿ ನೂರಕ್ಕೆ ಮೂವತ್ತು ಪಾಲು ಮಾತ್ರ ಹರಿದುಬರುವುದೆಂದು ಇಟ್ಟುಕೊಂಡರೆ, ಹಳ್ಳಕ್ಕೆ ಸೆಕೆಂಡಿಗೆ ನಾಲ್ಕು ಘನಮೀಟರಿನಷ್ಟು ನೀರು ಬರುತ್ತದೆ. ಅದೇ ನೂರು ಹೆಕ್ಟೇರು ಗೋದಾಮಿನ ಚಾವಣಿ, ಕಾಂಕ್ರೀಟು ಅಂಗಳ, ಡಾಂಬರು ರಸ್ತೆಗಳಾಗಿ, ಎಂಬತ್ತು ಪಾಲು ಹರಿದುಬರುವಂತಾದರೆ ನೀರು ಹನ್ನೊಂದು ಘನಮೀಟರಿಗೆ ಏರುತ್ತದೆ. ಮಳೆ ಒಂದೇ, ಹಳ್ಳ ಒಂದೇ, ನೀರು ಮಾತ್ರ ಎರಡೂವರೆ ಪಟ್ಟಿಗಿಂತ ಹೆಚ್ಚು. ತುಮಕೂರು ರಸ್ತೆಯ ಇಕ್ಕೆಲದ ಇಳುಕಲುಗಳಲ್ಲಿ ಹೊಲವು ಗೋದಾಮಾಗಿ, ಗೋಮಾಳವು ಬಡಾವಣೆಯಾಗಿ ಮಾರ್ಪಟ್ಟ ವೇಗವನ್ನು ಕಂಡವರಿಗೆ ಈ ಲೆಕ್ಕದ ಭಾರ ತಿಳಿದೀತು.

ನಗರದ ನದಿಗಳಿಗೆ ಹೀಗೆ ಆಗುವುದೆಂಬುದನ್ನು ಅಮೆರಿಕದ ಭೂಗೋಳ ವಿಜ್ಞಾನಿ ಗಾರ್ಡನ್ ವೊಲ್ಮನ್ 1967ರಷ್ಟು ಹಿಂದೆಯೇ ವಿವರಿಸಿದನು. ಹೊಲಗಳನ್ನು ಅಗೆದು ಕಟ್ಟಡ ಕಟ್ಟುವ ಕಾಲದಲ್ಲಿ ಸಡಿಲವಾದ ಮಣ್ಣು ಅಪಾರವಾಗಿ ಬಂದು ಪಾತ್ರವು ಹೂಳುತ್ತದೆ. ಕಟ್ಟಡಗಳು ಮುಗಿದು ನೆಲವೆಲ್ಲ ಮುಚ್ಚಿದ ಮೇಲೆ ಮಣ್ಣಿನ ಪೂರೈಕೆ ನಿಂತು ನೀರಿನ ರಭಸ ಮಾತ್ರ ಉಳಿಯುತ್ತದೆ. ಆಗ ಹೊಳೆ ತನ್ನ ತಳವನ್ನು ಅಗೆದುಕೊಂಡು, ದಂಡೆಗಳನ್ನು ಕೆಡವಿ ಅಗಲವಾಗತೊಡಗುತ್ತದೆ. ಈ ಎರಡನೆಯ ಘಟ್ಟವು ಮೊದಲನೆಯದಾದ ಎಷ್ಟೋ ವರ್ಷಗಳ ಮೇಲೆ ಬರುವುದರಿಂದ, ಮೊದಲ ಘಟ್ಟದಲ್ಲಿ ಹೂಳು ತುಂಬಿ ಸಪಾಟಾಗಿ ಕಂಡ ತೀರದಲ್ಲಿ ಮನೆ ಕಟ್ಟಿದವರು ಎರಡನೆಯ ಘಟ್ಟಕ್ಕೆ ಬಲಿಯಾಗುವರು. ಮುಂದೆ ಅರ್ಕಾವತಿಯನ್ನೇ ಸೇರುವ ವೃಷಭಾವತಿಯು ಈ ದಾರಿಯಲ್ಲಿ ಬಹಳ ಮುಂದೆ ಹೋಗಿದೆ. 2020ರ ಜೂನ್ ತಿಂಗಳ ಮಳೆಯಲ್ಲಿ ಮೈಸೂರು ರಸ್ತೆಯ ಮಗ್ಗುಲಿನ ಅದರ ತಡೆಗೋಡೆ ಕುಸಿದುದನ್ನು ಬೆಂಗಳೂರಿನವರು ಮರೆತಿರಲಾರರು. ಮೈಸೂರು ರಸ್ತೆಯಲ್ಲಿ ಆಗಿಹೋದುದು ತುಮಕೂರು ರಸ್ತೆಯಲ್ಲಿ ಆಗಬೇಕಾಗಿಯೇ ಇದೆಯೆಂದು ಹೇಳುವ ಧೈರ್ಯ ನನಗಿಲ್ಲ. ಆಗಲಾರದೆಂದು ಹೇಳುವುದಕ್ಕೆ ಆಧಾರವೂ ಕಾಣದು.

ಈಗ ಎರಡು ಕಟ್ಟೆಗಳ ನಡುವಿನ ಸ್ಥಿತಿಯ ಮಾತು. ಜಲಾಶಯದಲ್ಲಿ ನಿಂತ ನೀರು ತಾನು ಹೊತ್ತು ತಂದ ಮರಳು, ಗರಸುಗಳನ್ನು ಅಲ್ಲಿಯೇ ಇಳಿಸಿಬಿಡುತ್ತದೆ. ಕೋಡಿ ಬಿದ್ದು ಹೊರಬರುವ ನೀರಿಗೆ ಹೊರೆಯಿಲ್ಲ. ಹೊರುವ ಶಕ್ತಿ ಮಾತ್ರ ಹಾಗೆಯೇ ಉಳಿದಿರುತ್ತದೆ. ಆ ಶಕ್ತಿಗೆ ಬೇಕಾದ ಹೊರೆಯನ್ನು ಅದು ಕೆಳಗಿನ ಪಾತ್ರದಿಂದಲೂ ದಂಡೆಯಿಂದಲೂ ಎತ್ತಿಕೊಳ್ಳುತ್ತದೆ. ಕ್ಯಾಲಿಫೋರ್ನಿಯದ ಮಥಿಯಾಸ್ ಕೊಂಡಾಲ್ಫ್ 1997ರಲ್ಲಿ ಇದನ್ನು 'ಹಸಿದ ನೀರು' ಎಂದು ಕರೆದನು. ಹೆಸರಘಟ್ಟಕ್ಕೆ ಮೇಲಿನ ಕೆರೆಗಳ ಸರಣಿಯೂ ಹೀಗೆಯೇ ಮರಳನ್ನು ತಡೆಯುತ್ತ ಬಂದಿದೆ. ಕೆರೆಯ ಗೋಡುಮಣ್ಣನ್ನು ಬೇಸಗೆಯಲ್ಲಿ ತೆಗೆದು ಹೊಲಕ್ಕೆ ಹೊಡೆಯುವ ನಮ್ಮ ಪೂರ್ವಿಕರ ಪದ್ಧತಿ ಆ ಹೂಳಿಗೆ ಒಂದು ಸದ್ವಿನಿಯೋಗವನ್ನು ಕಲ್ಪಿಸಿತ್ತು. ಮರಳಿನ ಈ ಕೊರತೆಯ ಮೇಲೆ ಬೆಂಗಳೂರು ಗ್ರಾಮಾಂತರದ ಹೊಳೆಹಳ್ಳಗಳಿಗೆ ಬಂದೊದಗಿದ ವಿಪತ್ತು 'ಫಿಲ್ಟರ್ ಮರಳು'. ಕೆರೆಯಂಗಳ, ಹಳ್ಳದ ದಡ, ಪಟ್ಟಾ ಜಮೀನುಗಳ ಮಣ್ಣನ್ನು ಅಗೆದು, ನೀರಿನಲ್ಲಿ ಜಾಲಾಡಿ, ಜೇಡಿಯನ್ನು ಹರಿಯಬಿಟ್ಟು, ಉಳಿದ ಮರಳನ್ನು ಲಾರಿಗೆ ತುಂಬುವ ಈ ಅಕ್ರಮ ಉದ್ಯಮವು ನದಿಯ ದಂಡೆಯನ್ನು ನದಿಗೆ ಮುಂಚೆಯೇ ಕೊರೆದುಹಾಕಿತು. ಅಗೆದ ಗುಂಡಿಯು ಪಾತ್ರದಲ್ಲಿದ್ದರೆ ಅದರ ಮೇಲ್ತುದಿಯಲ್ಲಿ ನೀರು ಧುಮುಕಿ, ಆ ಧುಮುಕು ಮೆಟ್ಟಿಲು ಮೆಟ್ಟಿಲಾಗಿ ಹೊಳೆಯ ಮೇಲ್ಮುಖಕ್ಕೆ ಸರಿಯುತ್ತ, ಗುಂಡಿಯಿಂದ ಬಹುದೂರದ ಸೇತುವೆಯ ಬುಡವನ್ನೂ ಬಯಲುಮಾಡಬಲ್ಲದು. ಆದುದರಿಂದ ದಂಡೆಯ ಪರೀಕ್ಷೆಗೆ ಹೊರಟವನು ತನ್ನ ಎದುರಿನ ದಂಡೆಯನ್ನಷ್ಟೇ ನೋಡಿ ಹಿಂದಿರುಗಬಾರದು.

ದಂಡೆ ಬೀಳುವ ಬಗೆಯನ್ನು ತಿಳಿಯದೆ ಅಪಾಯವನ್ನು ಅಳೆಯಲಾಗದು. ನೀರು ತಳವನ್ನೂ ಅಂಚನ್ನೂ ಎಳೆಯುವ ಬಲವು ಅದರ ಆಳವನ್ನೂ ಪಾತ್ರದ ಇಳಿಜಾರನ್ನೂ ಅನುಸರಿಸಿರುತ್ತದೆ. ಐನೂರು ಮೀಟರಿಗೆ ಒಂದು ಮೀಟರು ಇಳಿಯುವ ಪಾತ್ರದಲ್ಲಿ ಒಂದು ಮೀಟರು ಆಳದ ನೀರು ಪ್ರತಿ ಚದರ ಮೀಟರಿನ ಮೇಲೆ ಸುಮಾರು 20 ನ್ಯೂಟನ್ ಬಲದಿಂದ ಎಳೆಯುವುದು, ಎರಡು ಮೀಟರು ಆಳದ್ದು 40 ನ್ಯೂಟನ್. ಹೊಳೆಯ ಅಗಲವನ್ನು ಒತ್ತುವರಿಯಿಂದ ಅರ್ಧಕ್ಕೆ ಇಳಿಸಿ, ಬರುವ ನೀರು ಅಷ್ಟೇ ಇದ್ದರೆ, ಆಳವೂ ಅದರೊಡನೆ ಈ ಎಳೆತವೂ ಸುಮಾರು ಒಂದೂವರೆ ಪಟ್ಟಾಗುವುವು. ಎಲ್ಲ ಮಣ್ಣೂ ಈ ಬಲಕ್ಕೆ ಒಂದೇ ರೀತಿಯಲ್ಲಿ ಮಣಿಯದು. ಸ್ವೀಡನ್ನಿನ ಫಿಲಿಪ್ ಯೂಲ್‌ಸ್ಟ್ರಮ್ 1935ರಲ್ಲಿ ತೋರಿಸಿದಂತೆ ಎಲ್ಲಕ್ಕಿಂತ ಬೇಗ ಏಳುವುದು ನಯವಾದ ಮರಳು. ಗರಸು ತನ್ನ ತೂಕದಿಂದಲೂ, ಜೇಡಿ ತನ್ನ ಅಂಟಿನಿಂದಲೂ ಅದಕ್ಕಿಂತ ಹೆಚ್ಚು ತಡೆಯುವುವು. ಬೆಂಗಳೂರಿನ ಸುತ್ತಣ ಕಣಿವೆಗಳ ದಂಡೆಗಳನ್ನು ಕತ್ತರಿಸಿ ನೋಡಿದರೆ, ಬುಡದಲ್ಲಿ ಶಿಥಿಲವಾದ ನೈಸ್ ಶಿಲೆ, ಅದರ ಮೇಲೆ ಗರಸು ಮರಳುಗಳ ಪದರ, ಎಲ್ಲಕ್ಕಿಂತ ಮೇಲೆ ಕೆಮ್ಮಣ್ಣೋ ಮೆಕ್ಕಲೋ ಇರುವುದು ಸಾಮಾನ್ಯ. ನಡುವಿನ ಮರಳಿನ ಪದರವನ್ನು ನೀರು ಮೊದಲು ಎಳೆದುಕೊಳ್ಳುತ್ತದೆ; ಮೇಲಣ ಕೆಮ್ಮಣ್ಣು ಸ್ವಲ್ಪ ಕಾಲ ಚಜ್ಜದಂತೆ ಮುಂಚಾಚಿ ನಿಂತು, ಅನಂತರ ಹಿಂಬದಿಯಲ್ಲಿ ಬಿರುಕುಬಿಟ್ಟು ಹೆಂಟೆಯಾಗಿ ಉರುಳುತ್ತದೆ. ಆ ಚಜ್ಜದ ಮೇಲೆ ನಿಂತವನಿಗೆ ತನ್ನ ಕಾಲ ಕೆಳಗೆ ಏನೂ ಇಲ್ಲವೆಂಬುದು ತಿಳಿಯುವುದೇ ಇಲ್ಲ.

ಇದಕ್ಕಿಂತ ಮೋಸಕರವಾದುದು ನೆರೆ ಇಳಿದ ಮೇಲಣ ಕುಸಿತ. ಹೊಳೆ ತುಂಬಿರುವಾಗ ನೀರು ದಂಡೆಯೊಳಕ್ಕೆ ಇಂಗುತ್ತದೆ. ಆದರೂ ಹೊರಗಿನ ನೀರಿನ ಒತ್ತಡವೇ ದಂಡೆಗೆ ಊರೆಗೋಲಾಗಿ ನಿಂತಿರುತ್ತದೆ. ನೀರು ಥಟ್ಟನೆ ಇಳಿದೊಡನೆಯೆ ಊರೆಗೋಲು ತಪ್ಪಿ, ಒಳಗೆ ಇಂಗಿದ ನೀರಿನ ಭಾರ ಮಾತ್ರ ಉಳಿದು, ದಂಡೆ ಹಗಲು ಬಿಸಿಲಿನಲ್ಲಿಯೇ ಜರಿದು ಬೀಳುತ್ತದೆ. ಕಡಿದಾದ ದಂಡೆ ಎಷ್ಟು ಎತ್ತರದವರೆಗೆ ನಿಲ್ಲಬಲ್ಲದೆಂಬುದಕ್ಕೆ ಹತ್ತೊಂಬತ್ತನೆಯ ಶತಮಾನದ ಕಾರ್ಲ್ ಕುಲ್ಮನ್‌ನ ಹೆಸರಿನ ಒಂದು ಸರಳ ಸೂತ್ರವಿದೆ. ಮಣ್ಣಿನ ಅಂಟು 10 ಕಿಲೋಪಾಸ್ಕಲ್, ಒಳಘರ್ಷಣೆಯ ಕೋನ 25 ಅಂಶ, ತೂಕ ಘನಮೀಟರಿಗೆ 18 ಕಿಲೋನ್ಯೂಟನ್ ಎಂದು ಉದಾಹರಣೆಗಾಗಿ ಹಿಡಿದರೆ ನೆಟ್ಟಗಿನ ದಂಡೆ ಮೂರೂವರೆ ಮೀಟರಿನವರೆಗೆ ನಿಂತೀತು; ನೆನೆದು ಅಂಟು 4 ಕಿಲೋಪಾಸ್ಕಲಿಗೆ ಇಳಿದರೆ ಒಂದೂವರೆ ಮೀಟರು ಕೂಡ ನಿಲ್ಲದು. ಬೇಸಗೆಯಲ್ಲಿ ಕಬ್ಬಿಣದಂತೆ ಗಟ್ಟಿಯಾಗಿ ಕಂಡ ಕೆಮ್ಮಣ್ಣಿನ ದಂಡೆಯ ವಿಷಯದಲ್ಲಿ ಮನೆ ಕಟ್ಟುವವರು ಮೋಸಹೋಗುವುದು ಈ ಕಾರಣದಿಂದ. ಮಳೆ ನಿಂತಿತು, ನೀರಿಳಿಯಿತು, ಇನ್ನು ದಂಡೆಯ ಮೇಲಣ ಮನೆಗೆ ಹಿಂದಿರುಗಬಹುದೆಂದು ಜನರಿಗೆ ಹೇಳುವ ಅಧಿಕಾರಿಯು ಈ ಒಂದು ಸಂಗತಿಯನ್ನಾದರೂ ಅರಿತಿರಬೇಕು.

ಅಪಾಯವನ್ನು ನಿರ್ಣಯಿಸುವ ಸಾಧನಗಳು ಹಲವು. ಅವುಗಳಲ್ಲಿ ಮೊದಲಿನದು ಇತಿಹಾಸ. ಹೊಳೆ ಹಿಂದೆ ಎಲ್ಲೆಲ್ಲಿ ಹರಿಯಿತೋ ಅಲ್ಲೆಲ್ಲ ಮತ್ತೆ ಹರಿಯಬಲ್ಲದು. ಗ್ರಾಮನಕ್ಷೆಯಲ್ಲಿ ಹೊಳೆ, ಹಳ್ಳ, ರಾಜಕಾಲುವೆಗಳು 'ಬಿ' ಖರಾಬಾಗಿ ನಮೂದಾಗಿರುತ್ತವೆ. ಭಾರತೀಯ ಸರ್ವೇಕ್ಷಣ ಇಲಾಖೆಯ ಭೂಪಟಗಳಲ್ಲಿ ಪಾತ್ರದ ತಿರುವುಗಳು ಗುರುತಾಗಿವೆ. ಇವೆರಡನ್ನೂ ಇಂದಿನ ಉಪಗ್ರಹ ಚಿತ್ರದ ಮೇಲೆ ಇಟ್ಟು ನೋಡಿದರೆ, ಹೊಳೆ ತಾನಾಗಿ ಸರಿದುದೆಷ್ಟು, ಅದನ್ನು ನಾವು ಸರಿಸಿದುದೆಷ್ಟು ಎಂಬುದು ಬೇರೆ ಬೇರೆಯಾಗಿ ಕಾಣುತ್ತದೆ. ತಿರುವನ್ನು ನೆಟ್ಟಗೆ ಮಾಡಿದ ಕಡೆಯಲ್ಲೆಲ್ಲ ಪಾತ್ರದ ಉದ್ದ ಕುಗ್ಗಿ, ಇಳಿಜಾರು ಹೆಚ್ಚಿ, ಎಳೆತ ಏರಿರುವುದೆಂದು ತಿಳಿಯಬೇಕು. ಆದರೆ ಉಪಗ್ರಹದ ಕಣ್ಣಿಗೂ ಒಂದು ಮಿತಿಯುಂಟು. ಬ್ರಹ್ಮಪುತ್ರದಲ್ಲಿ ಒಂದು ಮಳೆಗಾಲಕ್ಕೆ ನೂರಾರು ಮೀಟರು ಹೋಗುವ ದಂಡೆಯನ್ನು ಹತ್ತು ಮೀಟರಿನ ಚೌಕಗಳಲ್ಲಿ ನೋಡುವ ಚಿತ್ರವು ಸೊಗಸಾಗಿ ಹಿಡಿಯುತ್ತದೆ. ಆ ಒಂದು ಚೌಕದಷ್ಟೇ ಅಗಲದ ಹೊಳೆಯಲ್ಲಿ ವರ್ಷಕ್ಕೆ ಒಂದು ಗೇಣು ಹೋಗುವ ದಂಡೆ ಅದಕ್ಕೆ ಕಾಣದು. ನಮ್ಮ ನಾಡಿನ ಸಣ್ಣ ನದಿಗಳು ಕೊರೆತದ ಪಟ್ಟಿಗಳಲ್ಲಿ ಕಾಣದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಅಂಥ ಸಣ್ಣ ಹೊಳೆಗಳಲ್ಲಿ ಉಪಯೋಗಕ್ಕೆ ಬರುವ ಎರಡನೆಯ ಸಾಧನ ಬಹಳ ಅಗ್ಗವಾದ ಒಂದು ಉಪಾಯ. ಮೊಳದುದ್ದದ ತೆಳ್ಳನೆಯ ಕಬ್ಬಿಣದ ಸಲಾಕೆಗಳನ್ನು ದಂಡೆಯ ಮುಖಕ್ಕೆ ಅಡ್ಡಲಾಗಿ ಬಡಿದು, ತುದಿ ಮಾತ್ರ ಹೊರಗಿರುವಂತೆ ಬಿಟ್ಟು, ಪ್ರತಿಯೊಂದು ದೊಡ್ಡ ಮಳೆಯ ಅನಂತರ ಎಷ್ಟು ಹೊರಬಂದಿದೆಯೆಂದು ಅಳೆಯುವುದು. ಮೇಲೆ ಹೆಸರಿಸಿದ ವೊಲ್ಮನ್ 1950ರ ದಶಕದಲ್ಲಿ ಮೇರಿಲ್ಯಾಂಡಿನ ವಾಟ್ಸ್ ಬ್ರ್ಯಾಂಚ್ ಎಂಬ ಪುಟ್ಟ ತೊರೆಯಲ್ಲಿ ಈ ರೀತಿ ಅಳೆದು, 1959ರಲ್ಲಿ ಪ್ರಕಟಿಸಿದನು. ಬೇಸಗೆಯ ದೊಡ್ಡ ನೆರೆಗಿಂತ, ದಂಡೆ ಮೊದಲೇ ನೆನೆದಿದ್ದ ಚಳಿಗಾಲದ ಸಾಧಾರಣ ನೆರೆ ಹೆಚ್ಚು ಕೊರೆಯಿತೆಂಬುದು ಅವನಿಗೆ ಕಂಡುಬಂದಿತು. ನಮ್ಮಲ್ಲಿ ಮುಂಗಾರಿನಿಂದ ನೆನೆಯುತ್ತ ಬಂದ ನೆಲದ ಮೇಲೆ ಉತ್ತರೆ, ಹಸ್ತ, ಚಿತ್ತೆಯ ಮಳೆಗಳು ಬೀಳುವುವು. ಬೆಂಗಳೂರಿಗೆ ಹೆಚ್ಚು ಮಳೆಯಾಗುವುದೂ ಸೆಪ್ಟೆಂಬರ್ ಅಕ್ಟೋಬರುಗಳಲ್ಲಿಯೇ. ಅದುಕಾರಣ ಇಲ್ಲಿಯ ದಂಡೆಗಳನ್ನು ಜೂನ್ ತಿಂಗಳಲ್ಲಿ ಪರೀಕ್ಷಿಸಿ ಕ್ಷೇಮವೆಂದು ಬರೆಯುವುದು ಆತುರದ ಕೆಲಸ.

ಮೂರನೆಯದು ದಂಡೆಯನ್ನು ಕಣ್ಣಿನಿಂದ ನೋಡಿ ಅಂಕ ಹಾಕುವ ಪದ್ಧತಿ. ಅಮೆರಿಕದ ಡೇವಿಡ್ ರಾಸ್ಗೆನ್ ರೂಪಿಸಿದ ಸೂಚ್ಯಂಕವು ಬಹಳ ಪ್ರಚಾರದಲ್ಲಿದೆ: ತುಂಬುನೀರಿನ ಮಟ್ಟಕ್ಕೆ ಹೋಲಿಸಿದರೆ ದಂಡೆ ಎಷ್ಟು ಎತ್ತರ, ಬೇರುಗಳು ಆ ಎತ್ತರದ ಎಷ್ಟು ಪಾಲಿಗೆ ಇಳಿದಿವೆ, ಎಷ್ಟು ದಟ್ಟವಾಗಿವೆ, ದಂಡೆಯ ಕೋನವೆಷ್ಟು, ಮೇಲ್ಮೈಯಲ್ಲಿ ಹುಲ್ಲು ಕಲ್ಲುಗಳ ಹೊದಿಕೆ ಎಷ್ಟು ಎಂಬ ಐದು ಪ್ರಶ್ನೆಗಳಿಗೆ ಅಂಕ ಕೊಟ್ಟು, ಮಣ್ಣಿನ ಜಾತಿಗೂ ಪದರಗಳಿಗೂ ತಕ್ಕಂತೆ ಕೂಡಿಸಿ ಕಳೆಯುವುದು. ಇದರಲ್ಲಿ ಬೇರಿನ ಪ್ರಶ್ನೆಗೆ ನಮ್ಮ ಹೊಳೆಗಳಲ್ಲಿ ವಿಶೇಷವಾದ ಗೌರವ ಸಲ್ಲಬೇಕು. ಹೊಳೆಮತ್ತಿ, ಹೊಂಗೆ, ನೇರಳೆ, ಲಕ್ಕಿ, ಬಿದಿರು ಇವುಗಳ ಬೇರುಗಳು ದಂಡೆಯನ್ನು ಹೆಣೆದು ಹಿಡಿಯುವುವು. ಲಾವಂಚದ ಬೇರು ನೆಟ್ಟಗೆ ಆಳಕ್ಕೆ ಇಳಿದು ಮೊಳೆ ಹೊಡೆದಂತೆ ನಿಲ್ಲುವುದು. ಆದರೆ ಮರದ ಬೇರು ಒಂದೇ ಮೀಟರು ಇಳಿದಿದ್ದು, ತಳ ಅಗೆದುಹೋಗಿ ದಂಡೆ ನಾಲ್ಕು ಮೀಟರಾಗಿದ್ದರೆ, ಆ ಮರವು ಊರೆಯಲ್ಲ, ಹೊರೆ. ದಂಡೆಯಂಚಿನಲ್ಲಿ ಬೇರು ಬಯಲಾಗಿ ಹೊಳೆಯ ಕಡೆಗೆ ವಾಲಿದ ಹೊಂಗೆಯ ಮರವು, ಓದಬಲ್ಲವನಿಗೆ, ಯಾವ ಸಲಾಕೆಗೂ ಕಡಿಮೆಯಿಲ್ಲದ ಅಳತೆಗೋಲು. ತಮ್ಮ ತಂದೆಯ ಕಾಲದಲ್ಲಿ ಬಂಡಿ ಎಲ್ಲಿ ಹೊಳೆಗೆ ಇಳಿಯುತ್ತಿತ್ತು, ಬಟ್ಟೆ ಒಗೆಯುವ ಬಂಡೆ ಯಾವ ಕಡೆಗಿತ್ತು ಎಂಬುದನ್ನು ಹೇಳಬಲ್ಲ ಹಿರಿಯರು ಮಾದನಾಯಕನಹಳ್ಳಿಯ ಸುತ್ತಣ ಹಳೆಯ ಊರುಗಳಲ್ಲಿ ಇನ್ನೂ ಇರುವರು. ಅವರ ಮಾತನ್ನು ಗ್ರಾಮನಕ್ಷೆಯ ಮಗ್ಗುಲಲ್ಲಿ ಬರೆದಿಡುವುದು ಪರೀಕ್ಷಕನ ಕರ್ತವ್ಯದೊಳಗಿನ ಮಾತು.

ಸೇತುವೆಗಳ ಬಳಿ ಲೆಕ್ಕ ಬೇರೆ. ತಳ ಎಷ್ಟು ಆಳಕ್ಕೆ ಕೊರೆದೀತೆಂಬುದನ್ನು ನಮ್ಮ ದೇಶದ ರಸ್ತೆ ಸೇತುವೆಗಳಲ್ಲಿ ಇಂದಿಗೂ ಜೆರಾಲ್ಡ್ ಲೇಸಿ 1930ರ ಸುಮಾರಿಗೆ ಕೊಟ್ಟ ಸೂತ್ರದ ಮಾರ್ಗದಲ್ಲಿಯೇ ಕಂಡುಹಿಡಿಯುವರು. ಸೆಕೆಂಡಿಗೆ 200 ಘನಮೀಟರು ನೀರು, ಮಣ್ಣಿನ ಗುಣಾಂಕ ಒಂದು ಎಂದಿಟ್ಟರೆ ಕೊರೆತದ ಸರಾಸರಿ ಆಳ ಸುಮಾರು 2.8 ಮೀಟರು, ಕಂಬದ ಬುಡದಲ್ಲಿ ಅದರ ಎರಡರಷ್ಟು. ಈ ಸೂತ್ರವು ಉತ್ತರದ ಬಯಲಿನ ಮೆಕ್ಕಲು ಮಣ್ಣಿನ ಕಾಲುವೆಗಳನ್ನು ನೋಡಿ ಕಟ್ಟಿದ್ದು. ಗರಸಿನ ಕೆಳಗೆ ಬಂಡೆ ಇಣುಕುವ ನಮ್ಮ ಕಣಿವೆಗಳಲ್ಲಿ ತಳ ಅಷ್ಟು ಆಳಕ್ಕೆ ಹೋಗಲಾರದು. ಆದರೆ ಕೆಳಕ್ಕೆ ದಾರಿ ಸಿಕ್ಕದ ನೀರು ಪಕ್ಕಕ್ಕೆ ತಿರುಗಿ ದಂಡೆಯನ್ನು ಹಿಡಿಯುತ್ತದೆಂಬುದನ್ನು ಮರೆಯಲಾಗದು.

ನೆರೆಯ ಪುನರಾವರ್ತನಾವಧಿಯ ವಿಷಯದಲ್ಲಿ ಸಾರ್ವಜನಿಕರಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ನೂರು ವರ್ಷಕ್ಕೊಮ್ಮೆ ಬರುವ ನೆರೆಯೆಂದರೆ ತಮ್ಮ ಜೀವಮಾನದಲ್ಲಿ ಬಾರದ ನೆರೆಯೆಂದು ಜನ ಭಾವಿಸುವರು. ಅದರ ಅರ್ಥ ಪ್ರತಿ ವರ್ಷವೂ ನೂರಕ್ಕೆ ಒಂದರ ಸಂಭಾವ್ಯತೆಯೆಂದು. ಮೂವತ್ತು ವರ್ಷದ ಗೃಹಸಾಲ ತೀರುವುದರೊಳಗಾಗಿ ಅದು ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ 26. ಇಪ್ಪತ್ತೈದು ವರ್ಷದ ನೆರೆಯಾದರೆ ನೂರಕ್ಕೆ 71. ಅಲ್ಲದೆ ಈ ಗಣಿತವೆಲ್ಲ ಹಿಂದಿನ ದಾಖಲೆಗಳನ್ನು ನಂಬಿದ್ದು. ಹೊಲಗಳ ಕಾಲದ ದಾಖಲೆಯಿಂದ ಗೋದಾಮುಗಳ ಕಾಲದ ನೆರೆಯನ್ನು ಊಹಿಸಿದರೆ ಲೆಕ್ಕ ಕಡಿಮೆಯಾಗಿಯೇ ಬಂದೀತು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಜನ ಒಂದು ರಾತ್ರಿಯ ಮಳೆಯಿಂದ ಕೆರೆಯೂ ಹೊಳೆಯೂ ಒಂದಾದುದನ್ನು ಕಂಡರು. ಬತ್ತಿತೆಂದು ಎಣಿಸಿದ ಅರ್ಕಾವತಿಯೇ ಅದು.

ಕಾನೂನಿನ ಕಡೆ ನೋಡಿದರೆ, ನಾವು ಅಂತರವನ್ನು ಒಂದೇ ಅಂಕಿಯಲ್ಲಿ ಹಿಡಿದಿಡಲು ಬಯಸುವವರು. ಬೆಂಗಳೂರಿನ ಪರಿಷ್ಕೃತ ಮಹಾಯೋಜನೆಯು ಕೆರೆಗೆ 30 ಮೀಟರು, ರಾಜಕಾಲುವೆಗಳಿಗೆ ಅವುಗಳ ದರ್ಜೆಗೆ ತಕ್ಕಂತೆ ನಡುಗೆರೆಯಿಂದ 50, 25, 15 ಮೀಟರು ಎಂದು ವಿಧಿಸಿತ್ತು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2016ರ ಮೇ ತಿಂಗಳಲ್ಲಿ ಅಂತರಗಳನ್ನು ಹೆಚ್ಚಿಸಿ, ಕೆರೆಗೆ 75 ಮೀಟರು, ಕಾಲುವೆಗಳಿಗೆ ಅಂಚಿನಿಂದ 50, 35, 25 ಮೀಟರು ಎಂದು ಆಜ್ಞೆ ಮಾಡಿತು. 2019ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯ ಅಂತರದ ಭಾಗವನ್ನು ರದ್ದುಪಡಿಸಿತು. ತಿಪ್ಪಗೊಂಡನಹಳ್ಳಿಯ ಜಲಾನಯನ ರಕ್ಷಣೆಗೆಂದು 2003ರಲ್ಲಿ ಸರ್ಕಾರ ಹೊರಡಿಸಿದ ಪ್ರತ್ಯೇಕ ಆದೇಶವೂ ಉಂಟು. ಮೀಟರುಗಳ ಈ ವ್ಯಾಜ್ಯದಲ್ಲಿ ದಂಡೆಯ ಮಾತು ಎಲ್ಲಿಯೂ ಬರಲಿಲ್ಲವೆಂಬುದು ನನಗೆ ವ್ಯಥೆಯ ವಿಷಯ. ಬಂಡೆಯ ದಂಡೆಗೆ ಐದು ಮೀಟರು ಸಾಕಾದೀತು. ಮರಳಿನ ಹೊರತಿರುವಿಗೆ ಐವತ್ತೂ ಸಾಲದು. ನಡುಗೆರೆಯಿಂದ ಅಳೆಯುವ ಅಂತರದಲ್ಲಿ ಇನ್ನೊಂದು ದೋಷವಿದೆ: ಹೊಳೆ ಸರಿದಾಗ ನಡುಗೆರೆಯೂ ಸರಿಯುತ್ತದೆ, ಮನೆ ಮಾತ್ರ ಸರಿಯಲಾರದು.

ಕೆನಡದ ಒಂಟಾರಿಯೊ ಪ್ರಾಂತದಲ್ಲಿ ಅನುಸರಿಸುವ ಕ್ರಮ ಇದಕ್ಕಿಂತ ವಿವೇಕದ್ದೆಂದು ತೋರುತ್ತದೆ. ಅಲ್ಲಿ ದಂಡೆಯ ಬುಡದಿಂದ ಹೊರಟು, ನೂರು ವರ್ಷದಲ್ಲಿ ಆ ಬುಡ ಎಷ್ಟು ಹಿಂದೆಗೆಯಬಹುದೆಂಬುದನ್ನು ಮೊದಲು ಬಿಡುವರು. ಆ ಹೊಸ ಬುಡದಿಂದ ಮಣ್ಣು ತಾನಾಗಿ ನಿಲ್ಲಬಲ್ಲ ಇಳಿಜಾರಿಗೆ ಬೇಕಾದ ಅಡ್ಡಳತೆಯನ್ನು ಕೂಡಿಸುವರು. ಅದರ ಮೇಲೆ ದುರಸ್ತಿಗೆಂದೂ ವಿಪತ್ತಿನಲ್ಲಿ ಓಡಾಟಕ್ಕೆಂದೂ ಆರು ಮೀಟರು ಸೇರಿಸುವರು. ಇದೇ ರೀತಿಯಲ್ಲಿ, ನೂರು ವರ್ಷವನ್ನು ಐವತ್ತಕ್ಕೆ ಇಳಿಸಿಯೇ, ಮೂರು ಮೀಟರು ಎತ್ತರದ ಒಂದು ಕೆಮ್ಮಣ್ಣಿನ ದಂಡೆಗೆ ಲೆಕ್ಕ ಹಾಕೋಣ: ವರ್ಷಕ್ಕೆ 20 ಸೆಂಟಿಮೀಟರಿನಂತೆ ಹಿಂದೆಗೆದರೆ ಹತ್ತು ಮೀಟರು, ಒಂದಕ್ಕೆ ಎರಡರ ಇಳಿಜಾರಿಗೆ ಆರು ಮೀಟರು, ಓಡಾಟಕ್ಕೆ ಆರು, ಒಟ್ಟು 22 ಮೀಟರು, ಅದೂ ದಂಡೆಯ ಬುಡದಿಂದ. ವರ್ಷಕ್ಕೆ 20 ಸೆಂಟಿಮೀಟರು ಎಂಬ ಅಂಕಿ ಇಲ್ಲಿ ಕೇವಲ ಕಲ್ಪಿತ. ಅದು ನಿಜವಾಗಿ ಎಷ್ಟೆಂಬುದನ್ನು ಆಯಾ ದಂಡೆಯಲ್ಲಿ ಬಡಿದ ಸಲಾಕೆ ಹೇಳಬೇಕು.

ತಡೆಯ ಉಪಾಯಗಳು ಈ ಲೇಖನದ ವಿಷಯವಲ್ಲ. ಆದರೂ ಅಪಾಯನಿರ್ಣಯಕ್ಕೆ ಸಂಬಂಧಿಸಿದಷ್ಟು ಹೇಳುವುದಾದರೆ, ತಂತಿಬಲೆಯೊಳಗೆ ಕಲ್ಲು ತುಂಬಿದ ಗ್ಯಾಬಿಯನ್ನಾಗಲಿ, ಕಾಂಕ್ರೀಟು ಗೋಡೆಯಾಗಲಿ, ಕಟ್ಟಿದೆಡೆಯಲ್ಲಿ ಕೊರೆತವನ್ನು ನಿಲ್ಲಿಸಿ ಎದುರು ದಂಡೆಗೋ ಕೆಳದಂಡೆಗೋ ಅದನ್ನು ವರ್ಗಾಯಿಸುತ್ತದೆ. ಒಬ್ಬನ ಕಾರ್ಖಾನೆಯ ಹಿಂಗೋಡೆ ಭದ್ರವಾದ ವರ್ಷವೇ ಎದುರಿನ ರೈತನ ತೆಂಗಿನಸಾಲು ಹೊಳೆಗೆ ಬೀಳುವುದು ಕಾಕತಾಳೀಯವಾಗಿರಲಾರದು. ಗೋಡೆ ಕಟ್ಟಲು ಅನುಮತಿ ಕೊಡುವ ಕಾಗದದಲ್ಲಿ ಎದುರು ದಂಡೆಯವನ ಹೆಸರಿಗೂ ಒಂದು ಕಲಂ ಇರತಕ್ಕದ್ದು.

ಯಾರ ಅಪಾಯವೆಂಬ ಪ್ರಶ್ನೆ ಉಳಿಯಿತು. ಕೈಗಾರಿಕೆಯ ಸೆರಗಿನ ಊರುಗಳಲ್ಲಿ ನೆಲದ ಬೆಲೆ ಹೆದ್ದಾರಿಯ ಬದಿಯಲ್ಲಿ ಅತ್ಯಧಿಕ, ಹಳ್ಳದ ಅಂಚಿನಲ್ಲಿ ಅತ್ಯಲ್ಪ. ಉತ್ತರ ಕರ್ನಾಟಕದಿಂದಲೂ, ಬಿಹಾರ ಒಡಿಶಾಗಳಿಂದಲೂ ದುಡಿಯಲು ಬಂದವರ ಶೆಡ್ಡುಗಳೂ ಬಾಡಿಗೆಯ ಸಾಲುಮನೆಗಳೂ ಏಳುವುದು ಆ ಅಂಚಿನಲ್ಲಿ. ಅವರಿಗೆ ಈ ಹೊಳೆಯ ನೆನಪಿಲ್ಲ. ಅವರು ಬಂದಾಗಲೇ ಅದು ಬತ್ತಿತ್ತು. ಆಸ್ತಿಯ ಮೌಲ್ಯದಿಂದ ಅಪಾಯವನ್ನು ಅಳೆಯುವ ಲೆಕ್ಕದಲ್ಲಿ ಒಂದು ಗೋದಾಮಿನ ಮುಂದೆ ಇಪ್ಪತ್ತು ಶೆಡ್ಡುಗಳು ಸೊನ್ನೆಗೆ ಸಮ. ಆದುದರಿಂದ ರೂಪಾಯಿಗಳ ಕಲಮಿನ ಪಕ್ಕದಲ್ಲಿ ರಾತ್ರಿ ಅಲ್ಲಿ ಮಲಗುವ ತಲೆಗಳ ಕಲಂ ಒಂದನ್ನು ಪ್ರತ್ಯೇಕವಾಗಿ ಇಡಬೇಕು; ಮಳೆಯ ನೀರು ಬರುವುದು ಬಹುಶಃ ರಾತ್ರಿಯಲ್ಲಿ.

ಈ ಪರಿಸರಕ್ಕೆ ಈಗ ನಗರಸಭೆ ಬಂದಿದೆ. 2024ರ ನವೆಂಬರಿನಿಂದ ಮಾದಾವರದವರೆಗೆ ಮೆಟ್ರೋ ಬಂಡಿಯೂ ಓಡುತ್ತಿದೆ. ನಿವೇಶನಗಳಿಗೆ ಬೇಡಿಕೆ ಇನ್ನೂ ಏರುವ ಕಾಲವಿದು. ಹೆಸರಘಟ್ಟದಿಂದ ತಿಪ್ಪಗೊಂಡನಹಳ್ಳಿಯ ಹಿನ್ನೀರಿನವರೆಗೆ ಹೊಳೆಯ ಎರಡೂ ದಂಡೆಗಳಲ್ಲಿ, ಪ್ರತಿ ತಿರುವಿನ ಹೊರಬದಿಗೆ, ಪ್ರತಿ ಸೇತುವೆಯ ಮೇಲೂ ಕೆಳಗೂ, ರಾಜಕಾಲುವೆ ಬಂದು ಕೂಡುವ ಪ್ರತಿ ಬಾಯಿಯಲ್ಲಿ, ಸಾಲಿಗೆ ಮೂರರಂತೆ ಸಲಾಕೆ ಬಡಿಯುವುದಕ್ಕೆ ಹೆಚ್ಚು ಹಣ ಬೇಕಾಗಿಲ್ಲ. ಸುತ್ತಣ ಪ್ರೌಢಶಾಲೆಗಳ ಹುಡುಗರು ಭೂಗೋಳದ ಉಪಾಧ್ಯಾಯರೊಡನೆ ಹೋಗಿ ಮಾಡಬಹುದಾದ ಕೆಲಸ ಅದು. ಮೊದಲ ಅಳತೆಯನ್ನು ಮುಂಗಾರಿಗೆ ಮುಂಚೆ ಭರಣಿ ಮಳೆಯ ಹೊತ್ತಿಗೆ, ಎರಡನೆಯದನ್ನು ಹಸ್ತ ಕಳೆದ ಮೇಲೆ, ಮೂರನೆಯದನ್ನು ಸ್ವಾತಿ ಮುಗಿದು ಹದಿನೈದು ದಿನ ಬಿಟ್ಟು, ಇಂಗಿದ ನೀರೆಲ್ಲ ದಂಡೆಯಿಂದ ಒಸರಿ ಹೋದ ಮೇಲೆ ತೆಗೆದುಕೊಳ್ಳಬೇಕು. ಸಲಾಕೆ ಕಾಣದಿದ್ದರೆ ಅದನ್ನು ಕಳವಾಯಿತೆಂದು ಬರೆಯುವುದಕ್ಕೆ ಮೊದಲು ದಂಡೆ ಎಲ್ಲಿದೆಯೆಂದು ನೋಡಬೇಕು.